ಮರುಳಸಿದ್ದಮ್ಮನ ನಗು

ದಾವಣಗೆರೆಯ ಮಂಡಿಪೇಟೆಯಲ್ಲಿ ಹತ್ತಿ ವ್ಯಾಪಾರ ಮಾಡುತ್ತಿದ್ದ ವಾಮದೇವಪ್ಪನವರ ಕಣ್ಣಿಗೆ ಬಜಾರಿನಲ್ಲಿ ಬಹಳ ಬೆಲೆಯಿತ್ತು. ಅಂಡಿಗೆಯಿಂದ ಒಂದು ಚಿಟಿಕೆ ಹತ್ತಿ ಕಿತ್ತು, ಹೆಬ್ಬೆರಳುಗಳ ನಡುವೆ ಎಳೆದು, ಬೆಳಕಿಗೆ ಹಿಡಿದು ಅವರು ಹೇಳಿದ ಮಾತಿಗೆ ಗಿರಣಿಯವರೂ ಎದುರಾಡುತ್ತಿರಲಿಲ್ಲ. ತಮ್ಮದೇ ಹೊಲದ ಹತ್ತಿಯಾದರೂ ಸರಿ, ಕಳಪೆಯಿದ್ದರೆ ಕಳಪೆ ಎನ್ನುತ್ತಿದ್ದರು. ಇಂಥ ಮನುಷ್ಯ, ತಾವೇ ತೆಗೆದ ಫೋಟೋ ಕೈಗೆ ಬಂದ ಕೂಡಲೇ ಬುದ್ಧಿ ಕಳೆದುಕೊಳ್ಳುತ್ತಿದ್ದರು.

ಕ್ಯಾಮೆರಾ ಬಂದದ್ದು ಐವತ್ತೇಳನೆಯ ಇಸವಿಯಲ್ಲಿ, ಬೊಂಬಾಯಿಯಿಂದ. ಹೊಟ್ಟೆಯ ಹತ್ತಿರ ಹಿಡಿದು ಮೇಲಿನಿಂದ ಬಗ್ಗಿ ನೋಡುವಂಥದ್ದು. ಅದನ್ನು ಹಿಡಿದು ಅವರು ತಲೆ ಬಗ್ಗಿಸಿದರೆ, ಎದುರಿಗಿದ್ದವರು ಸಾಹುಕಾರರು ತಮಗೆ ನಮಸ್ಕಾರ ಮಾಡುತ್ತಿದ್ದಾರೆಂದು ತಿಳಿದು ತಾವೂ ಕೈಮುಗಿದು ಬಗ್ಗುತ್ತಿದ್ದರು. ಹೀಗಾಗಿ ಮೊದಲ ವರ್ಷದ ಫೋಟೋಗಳಲ್ಲಿ ಮುಖಗಳಿಗಿಂತ ರುಮಾಲುಗಳೇ ಹೆಚ್ಚು.

ಫೋಟೋ ತೊಳೆಯುವುದಕ್ಕೆ ಮನೆಯ ಬಚ್ಚಲೇ ಗತಿ. ಕಿಟಕಿಗೆ ಕಂಬಳಿ, ಬಲ್ಬಿಗೆ ಕೆಂಪು ಕಾಗದ. ಅವರು ಒಳಗೆ ಸೇರಿ ಬಾಗಿಲು ಹಾಕಿಕೊಂಡರೆಂದರೆ ಮನೆಯವರಿಗೆ ಸ್ನಾನವಿಲ್ಲ, ಸ್ನಾನವಿಲ್ಲದೆ ಲಿಂಗಪೂಜೆಯಿಲ್ಲ, ಪೂಜೆಯಿಲ್ಲದೆ ಊಟವಿಲ್ಲ. ಅವರ ಹೆಂಡತಿ ಸರ್ವಮಂಗಳಮ್ಮ ಹಸಿದ ಹೊಟ್ಟೆಯಲ್ಲಿ ಬಚ್ಚಲ ಬಾಗಿಲಲ್ಲೇ ಕಾಯುತ್ತಿದ್ದರು. ಬಾಗಿಲು ತೆರೆದರೆ ಮೊದಲು ಹೊರಗೆ ಬರುವುದು ಫೋಟೋ ತೊಳೆಯುವ ಹೈಪೋ ಔಷಧದ ವಾಸನೆ, ಆಮೇಲೆ ನೀರು ತೊಟ್ಟಿಕ್ಕುವ ಒಂದು ಫೋಟೋ, ಅದರ ಹಿಂದೆ ಗಂಡ.

"ಹೆಂಗೆ ಬಂದೈತೆ ನೋಡು."

"ಚೆನ್ನಾಗೈತ್ರಿ."

"ನೀನು ಸರಿಯಾಗಿ ನೋಡೇ ಇಲ್ಲ. ನೋಡಿದ್ರೆ ಇಷ್ಟು ಬೇಗ ಹೇಳ್ತಿರಲಿಲ್ಲ."

ಮುಂದಿನ ಸಲ ಸರ್ವಮಂಗಳಮ್ಮ ಫೋಟೋವನ್ನು ಕೈಯಲ್ಲಿ ಹಿಡಿದು, ಹಸಿವನ್ನು ತಡೆದುಕೊಂಡು, ಬಹಳ ಹೊತ್ತು ನೋಡಿದರು.

"ಯಾಕ? ಏನೋ ತಪ್ಪು ಕಾಣ್ತಾ ಐತೇನು?" ಎಂದರು ವಾಮದೇವಪ್ಪನವರು, ಬೆವರುತ್ತಾ.

ಅವರ ಸ್ವಭಾವವೇ ಹಾಗೆ. ತೊಳೆದ ದಿನ ಪ್ರತಿ ಫೋಟೋವೂ ಅಪ್ಪಟ ಬಂಗಾರ. ಅದರಲ್ಲೂ ಹರಿಹರದ ಸೇತುವೆಯ ಕೆಳಗೆ ಸಂಜೆ ಹೊತ್ತು ತೆಗೆದ ತುಂಗಭದ್ರೆಯ ಫೋಟೋ ಒಂದಿತ್ತು. ಮುಳುಗುವ ಸೂರ್ಯ, ಸೇತುವೆಯ ಕಮಾನು, ನೀರಿನ ಮೇಲೆ ಒಂಟಿ ಹರಿಗೋಲು. ಅದಕ್ಕಾಗಿ ಅವರು ಎಷ್ಟೋ ಸಂಜೆ ರೈಲು ಹತ್ತಿ ಹರಿಹರಕ್ಕೆ ಹೋಗಿ ನದಿಯ ದಂಡೆಯಲ್ಲಿ ಕಾದಿದ್ದರು. ಒಂದು ದಿನ ಮೋಡ, ಇನ್ನೊಂದು ದಿನ ಹರಿಗೋಲಿನ ಹುಲಿಯಪ್ಪನಿಗೆ ಜ್ವರ, ಮತ್ತೊಂದು ದಿನ ಎಲ್ಲವೂ ಸರಿಯಿದ್ದು ಸಾಹುಕಾರರೇ ಕಾಲು ಜಾರಿ ಸೊಂಟದವರೆಗೆ ಕೆಸರಿನಲ್ಲಿ ಹೂತುಕೊಂಡಿದ್ದರು. ಹುಲಿಯಪ್ಪ ಅವರನ್ನು ಎಳೆದು ದಂಡೆಗೆ ಹಾಕಿದ್ದ. ಕ್ಯಾಮೆರಾವನ್ನು ಮಾತ್ರ ಅವರು ತಲೆಯ ಮೇಲೆ ಎತ್ತಿ ಹಿಡಿದು ಉಳಿಸಿಕೊಂಡಿದ್ದರು.

ಅಷ್ಟು ಕಷ್ಟಪಟ್ಟು ತೆಗೆದ ಫೋಟೋ ಚೆನ್ನಾಗಿಲ್ಲದೆ ಇರುತ್ತದೆಯೇ? ಅದನ್ನು ದೊಡ್ಡದು ಮಾಡಿ, ಗಾಜಿನ ಕಟ್ಟು ಹಾಕಿಸಿ, ನೆಂಟರಿಷ್ಟರಲ್ಲಿ ಯಾರ ಮನೆಯಲ್ಲಿ ಮದುವೆಯಾದರೂ ಅದನ್ನೇ ಉಡುಗೊರೆ ಕೊಟ್ಟರು. ಪಕ್ಕದ ಅಂಗಡಿಯ ಕುಬೇರಪ್ಪ ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡಿದ್ದರಿಂದ ಅವನಿಗೆ ಎರಡು ಸೂರ್ಯಾಸ್ತ ಬಂದವು.

ಅವರಿಗೆ ಹಿಡಿಸದ ಫೋಟೋವೂ ಒಂದಿತ್ತು. ಅವರ ತಂಗಿ ಅನ್ನಪೂರ್ಣಮ್ಮನನ್ನು ಹರಿಹರಕ್ಕೆ ಕೊಟ್ಟಿದ್ದರು. ಅವಳ ಗಂಡ ಕೆಂಚವೀರಪ್ಪ ಹೊಸ ಮನೆ ಕಟ್ಟಿಸಿದಾಗ ಗೃಹಪ್ರವೇಶದ ಫೋಟೋ ತೆಗೆಯುವ ಹೊಣೆ ಸಹಜವಾಗಿಯೇ ವಾಮದೇವಪ್ಪನವರ ಮೇಲೆ ಬಿತ್ತು. ಮನೆಮಂದಿಯನ್ನೆಲ್ಲ ಹೊಸ ಬಾಗಿಲ ಮುಂದೆ ನಿಲ್ಲಿಸಿ, ಎತ್ತರದವರನ್ನು ಹಿಂದೆ ದಬ್ಬಿ, ಗಿಡ್ಡರನ್ನು ಮುಂದೆ ಎಳೆದು, ಅರ್ಧ ಬೆಳಗು ಕಳೆದರು. ಕೆಂಚವೀರಪ್ಪನ ತಾಯಿ ಮರುಳಸಿದ್ದಮ್ಮ ನಡುವೆ ಮಣೆಯ ಮೇಲೆ, ಯಾರಿಗೋ ಶಿಕ್ಷೆ ವಿಧಿಸಲು ಕೂತಂತೆ ಕೂತಿದ್ದರು. ಫಿಲಂನಲ್ಲಿ ಉಳಿದಿದ್ದದ್ದು ಕೊನೆಯ ಒಂದೇ ಫೋಟೋ. ವಾಮದೇವಪ್ಪನವರು ತಲೆ ಬಗ್ಗಿಸಿ, ಇನ್ನೇನು ಒತ್ತಬೇಕು, ಹೊಸ ಮನೆಯೊಳಗೆ ಹೊಗಿಸಲು ತಂದು ನಿಲ್ಲಿಸಿದ್ದ ಕರು ಕತ್ತು ಚಾಚಿ ಕೆಂಚವೀರಪ್ಪನ ರುಮಾಲಿನ ತುದಿಯನ್ನು ಬಾಯಿಗೆ ಹಾಕಿಕೊಂಡು ಎಳೆಯಿತು. ರುಮಾಲು ಸುರುಳಿ ಬಿಚ್ಚಿತು. ವಾಮದೇವಪ್ಪನವರ ಬೆರಳು ಬೆಚ್ಚಿ ಗುಂಡಿ ಒತ್ತಿಬಿಟ್ಟಿತು.

"ಹಾಳಾತು! ಎಲ್ಲಾ ಹಾಳಾತು!" ಎಂದು ಅವರು ಕರುವಿನ ಮೇಲೆ ಕೂಗಾಡಿದ್ದನ್ನು ಹರಿಹರದವರು ಬಹಳ ದಿನ ನೆನೆಸಿಕೊಂಡು ನಕ್ಕರು. ಅನ್ನಪೂರ್ಣಮ್ಮ ಕಾಡಿ ಬೇಡಿದ್ದಕ್ಕೆ ಅದರದೊಂದು ಪ್ರಿಂಟನ್ನು ಮುಖ ತಿರುಗಿಸಿಕೊಂಡೇ ಕೊಟ್ಟಿದ್ದರು. ಜೊತೆಗೆ, ಮಾನ ಉಳಿಸಿಕೊಳ್ಳಲು, ಒಂದು ಸೂರ್ಯಾಸ್ತವನ್ನೂ.

ಅರವತ್ತೊಂದರಲ್ಲಿ ದಾವಣಗೆರೆಯ ಹವ್ಯಾಸಿಗಳೆಲ್ಲ ಸೇರಿ ಒಂದು ಫೋಟೋ ಪ್ರದರ್ಶನ ಇಟ್ಟರು. ತೀರ್ಪುಗಾರರು ಮೈಸೂರಿನಿಂದ ಬಂದವರು, ತೆಳ್ಳಗಿನ ಕನ್ನಡಕದವರು. ತುಂಗಭದ್ರೆಯ ಮುಂದೆ ಅವರು ನಿಂತರು. ವಾಮದೇವಪ್ಪನವರೂ ಪಕ್ಕದಲ್ಲಿ ಹೋಗಿ ನಿಂತರು.

"ಚೆನ್ನಾಗಿದೆ," ಎಂದರು ತೀರ್ಪುಗಾರರು. "ಇದನ್ನು ಎಲ್ಲೋ ನೋಡಿದ ಹಾಗಿದೆಯಲ್ಲ?"

ವಾಮದೇವಪ್ಪನವರ ಎದೆ ಉಬ್ಬಿತು. "ಎಲ್ಲಿ ನೋಡಿದ್ರಿ ಸಾರ್?"

"ಕ್ಯಾಲೆಂಡರಿನಲ್ಲಿ. ಪ್ರತಿ ವರ್ಷ."

ಅಂದು ವಾಮದೇವಪ್ಪನವರು ಊಟ ಮಾಡಲಿಲ್ಲ. ಮರುದಿನ ಬೆಳಿಗ್ಗೆ ಎದ್ದವರೇ ಮನೆಯ ಗೋಡೆಯ ಮೇಲಿದ್ದ ತಮ್ಮ ಫೋಟೋಗಳನ್ನೆಲ್ಲ ಒಂದೊಂದಾಗಿ ಇಳಿಸಿದರು.

"ಇದೇನ್ರಿ?" ಎಂದರು ಸರ್ವಮಂಗಳಮ್ಮ.

"ಎಲ್ಲಾ ಕಸ. ಒಂದೂ ನೋಡೋಹಂಗಿಲ್ಲ. ನಂಗೆ ಈಗ ಕಣ್ಣು ಬಂದೈತೆ."

"ಕಣ್ಣು ಬಂದಿದ್ರೆ ನಂದಿಬಟ್ಟಲ ಹೂವಿನ ರಸ ಬಿಟ್ಕೊಳ್ರಿ. ಫೋಟೋ ಏನ್ ಮಾಡಿದ್ವು? ಮೊನ್ನೆ ಇವೇ ಬಂಗಾರ ಅಂತಿದ್ರಿ."

ಅವರಿಗೆ ತಮಾಷೆ ಬೇಕಿರಲಿಲ್ಲ. ಮನೆಯಲ್ಲಿದ್ದವು ಹೋಗಲಿ, ಊರೆಲ್ಲ ಹಂಚಿದ್ದ ಫೋಟೋಗಳ ಗತಿ? ಮನೆಗೆ ಬಂದವರೆಲ್ಲ ನೋಡಿ ಕ್ಯಾಲೆಂಡರ್ ಎಂದು ನಗುತ್ತಿರಬೇಕು. ಎಲ್ಲವನ್ನೂ ವಾಪಸು ತರಬೇಕು, ಸುಡಬೇಕು. ಹೀಗೆ ಶುರುವಾಯಿತು ಅವರ ಫೋಟೋ ವಸೂಲಿ.

ಫೋಟೋದ ಕಟ್ಟಿಗೆ ಗೆದ್ದಲು ಹತ್ತಿರಬಹುದು, ಹೊಸದು ಹಾಕಿಸಿ ಕೊಡುತ್ತೇನೆ ಎಂದು ಒಂದು ನೆಪ ಹೂಡಿಕೊಂಡು ಮನೆ ಮನೆಗೆ ಹೊರಟರು. ಯಾರಾದರೂ ಬಿಟ್ಟುಕೊಡದಿದ್ದರೆ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದರು. ಆ ಮಾತು ಎಲ್ಲೂ ಬೇಕಾಗಲಿಲ್ಲ. ಸೋದರಮಾವನ ಮನೆಯಲ್ಲಿ ಅವರು ನೆಪ ಹೇಳಿ ಮುಗಿಸುವ ಮೊದಲೇ ಫೋಟೋ ಕೈಗೆ ಬಂತು. "ವಾಪಸ್ ಕೊಡೋಕೆ ಅವಸರ ಮಾಡಬ್ಯಾಡಪ್ಪ," ಎಂದರು ಮಾವ. ಇನ್ನೊಂದು ಮನೆಯಲ್ಲಿ ಸೂರ್ಯಾಸ್ತ ಗೋಡೆಯ ಒಂದು ತೂತನ್ನು ಮುಚ್ಚಿಕೊಂಡಿತ್ತು. "ಒಯ್ಯಿರಿ, ಆದ್ರೆ ಆ ತೂತಿಗೆ ಏನಾದ್ರೂ ಕೊಟ್ಟು ಹೋಗ್ರಿ, ಅಳಿಲು ಬರ್ತಾವೆ," ಎಂದಳು ಆ ಮನೆಯಾಕೆ. ಮತ್ತೊಂದು ಮನೆಯ ಮಾಳಿಗೆಯ ಮೇಲೆ ಸೂರ್ಯಾಸ್ತವನ್ನು ಅಂಗಾತ ಮಲಗಿಸಿ, ಗಾಜಿನ ಮೇಲೆ ಸಂಡಿಗೆ ಒಣಹಾಕಿದ್ದರು. ಒಣಗುವವರೆಗೆ ಕೂತು ಕಾಯಬೇಕಾಯಿತು. ಕುಬೇರಪ್ಪನಂತೂ ಎರಡನ್ನೂ ಒರೆಸಿ ಕೊಟ್ಟು, "ಜೋಡಿ ಅಗಲಿಸಬ್ಯಾಡ್ರಿ ಸಾವ್ಕಾರ್ರೆ," ಎಂದ.

ಕಸವೆಂದು ತಾವೇ ಹೇಳಿದ್ದನ್ನು ಊರೂ ಕಸವೆಂದು ಒಪ್ಪಿದರೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಟಾಂಗಾದಲ್ಲಿ ಸೂರ್ಯಾಸ್ತಗಳ ರಾಶಿಯ ಪಕ್ಕ ಕೂತು ಮನೆಗೆ ಬರುವಾಗ ಅವರು ಮೇಲಿನದರ ಗಾಜಿನ ಧೂಳನ್ನು ಟವೆಲ್ಲಿನಿಂದ ಒರೆಸುತ್ತಲೇ ಇದ್ದರು.

ಕೊನೆಗೆ ಹರಿಹರ. ಅನ್ನಪೂರ್ಣಮ್ಮ ಸೂರ್ಯಾಸ್ತವನ್ನು ತಾನಾಗಿಯೇ ತಂದುಕೊಟ್ಟಳು. ಪಡಸಾಲೆಯಲ್ಲಿ ಕರುವಿನ ಫೋಟೋ ತೂಗುತ್ತಿತ್ತು. ಅಣ್ಣ ಅದಕ್ಕೆ ಕೈ ಹಾಕಿದ ಕೂಡಲೇ ಅವಳು ಅಡ್ಡ ಬಂದಳು.

"ಅದು ಬ್ಯಾಡಣ್ಣ. ನಮ್ಮತ್ತೆ ಬಯ್ತಾರೆ."

"ಎಲ್ಲದಾರೆ ನಿಮ್ಮತ್ತೆ?"

"ಗುಡಿಗೆ ಹೋಗ್ಯಾರೆ."

"ಹೊಸ ಕಟ್ಟು ಹಾಕಿಸಿ, ಅವರಿಗೆ ಗೊತ್ತಾಗೋದರೊಳಗೆ ತಂದು ನೇತುಹಾಕ್ತೀನಿ ತಗಾ," ಎಂದು ವಾಮದೇವಪ್ಪನವರು ಒಡಹುಟ್ಟಿದವಳಿಗೇ ಹಸಿ ಸುಳ್ಳು ಹೇಳಿ, ಫೋಟೋವನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು, ಗುಡಿಯ ದಾರಿ ತಪ್ಪಿಸಿ ಸುತ್ತು ಹೊಡೆದು ಸ್ಟೇಶನ್ನಿಗೆ ಹೋದರು.

ಮರುದಿನ ಕಟ್ಟು, ಗಾಜು ಬಿಚ್ಚಿ, ಅಷ್ಟೂ ಫೋಟೋಗಳನ್ನು ಬಚ್ಚಲ ಹಂಡೆಯ ಒಲೆಗೆ ಹಾಕಿದರು. ನೀರು ಕೊತಕೊತ ಕುದಿಯಿತು. ಸರ್ವಮಂಗಳಮ್ಮ ತಲೆಗೆ ಎರೆದುಕೊಂಡು ಬಂದು, "ನಿಮ್ಮ ಫೋಟೋ ದೆಸೆಯಿಂದ ಈ ಮನ್ಯಾಗೆ ಹೊತ್ತಿಗೆ ಸರಿಯಾಗಿ ಸ್ನಾನ ಆಗಿದ್ದು ಇವತ್ತೇ ನೋಡ್ರಿ," ಎಂದರು.

ವಾರ ಕಳೆದಿರಲಿಲ್ಲ. ಅಂಗಡಿಯಲ್ಲಿ ವ್ಯಾಪಾರ ಜೋರಾಗಿ ನಡೆದಿದ್ದಾಗ ಮರುಳಸಿದ್ದಮ್ಮ ಒಬ್ಬರೇ ಹರಿಹರದಿಂದ ಬಂದು ಇಳಿದರು. ಗುಮಾಸ್ತ ಭರಮಣ್ಣ "ಬರ್ರಿ ಅಮ್ಮಾರೆ, ಕೂಡ್ರಿ" ಎನ್ನುವುದರೊಳಗೆ ಅವರು ಹತ್ತಿ ಅಂಡಿಗೆಯೊಂದರ ಮೇಲೆ ಕೂತಾಗಿತ್ತು.

"ವಾಮದೇವಪ್ಪ," ಎಂದರು, ಬಜಾರಿಗೆಲ್ಲ ಕೇಳುವಂತೆ. "ನನ್ನ ನಗು ಎಲ್ಲೈತಪ್ಪ?"

ಗಿರಾಕಿಗಳೆಲ್ಲ ಸಾಹುಕಾರರ ಕಡೆ ತಿರುಗಿದರು.

"ಅತ್ತೆ, ಒಳಗೆ ಬರ್ರಿ, ಮಾತಾಡೋಣ..."

"ಒಳಗ್ಯಾಕ? ನಂಗೆ ಮೂರು ಜನ ಸೊಸೆದೇರು. ಮೂವರೂ ಊರೆಲ್ಲ ಹೇಳ್ಕೊಂಡು ತಿರುಗ್ತಾರೆ, ನಮ್ಮತ್ತೆ ಹುಟ್ಟಿದಾಗಿಂದ ನಕ್ಕಿಲ್ಲ ಅಂತ. ಮನಿಗೆ ಬಂದೋರಿಗೆಲ್ಲ ನಾನು ಗ್ವಾಡಿ ತೋರಿಸ್ತಿದ್ದೆ. ನೋಡ್ರವ್ವ, ಅಲ್ಲಿ ನಕ್ಕೀನಿ, ಅಂತ. ಈಗ ಗ್ವಾಡಿ ಮ್ಯಾಲೆ ಬರೇ ಮೊಳೆ ಐತೆ. ಏನ್ ಮೊಳೆ ತೋರಿಸ್ಲಾ?"

ವಾಮದೇವಪ್ಪನವರು ಸುಟ್ಟ ಸಂಗತಿಯನ್ನು ಬಾಯಿಬಿಟ್ಟು ಹೇಳಲೇಬೇಕಾಯಿತು. ಮರುಳಸಿದ್ದಮ್ಮ ಸೆರಗು ಕೊಡವಿ ಅಂಡಿಗೆಯ ಮೇಲೆ ಇನ್ನಷ್ಟು ಭದ್ರವಾಗಿ ಕೂತರು. ಅದನ್ನು ನೋಡಿ ವಾಮದೇವಪ್ಪನವರಿಗೆ ಭಯವಾಯಿತು.

"ಅದು ಕೆಟ್ಟ ಫೋಟೋ ಅತ್ತೆ. ಚೆನ್ನಾಗಿ ಇನ್ನೊಂದು ತೆಗೀತೀನಿ. ಈಗಲೇ. ಸ್ವಲ್ಪ ನಗ್ರಿ," ಎಂದು ಅವರು ಕ್ಯಾಮೆರಾ ತಂದರು.

ಮರುಳಸಿದ್ದಮ್ಮ ಪ್ರಾಮಾಣಿಕವಾಗಿ ಪ್ರಯತ್ನಪಟ್ಟರು. ಹಲ್ಲುನೋವೇನೋ ಎಂದು ಒಬ್ಬ ಗಿರಾಕಿ ಲವಂಗ ಕೊಡಲು ಬಂದ.

"ಹೇಳಿದ ಕೂಡ್ಲೆ ನಗೋಕೆ ಬರೋಹಂಗಿದ್ರೆ ನಿನ್ನ ಹತ್ರ ಯಾಕ ಬರ್ತಿದ್ದೆ?" ಎಂದರು ಆಕೆ. "ಅದೇ ಬೇಕು. ಅದು ಸಿಗೋತನಕ ನಿಮ್ಮ ಮನ್ಯಾಗೇ ಇರ್ತೀನಿ."

ಅಂಗಡಿಯ ಹಿಂದಿನ ಮನೆಯ ಬಾಗಿಲಲ್ಲಿ ನಿಂತು ಈ ಮಾತು ಕೇಳಿದ ಸರ್ವಮಂಗಳಮ್ಮನೇ ಓಡಿಹೋಗಿ ಅಟ್ಟದಿಂದ ಹಳೆಯ ನೆಗೆಟಿವ್‌ಗಳ ಬಿಸ್ಕೀಟಿನ ಡಬ್ಬಿ ಇಳಿಸಿಕೊಟ್ಟರು. ವಾಮದೇವಪ್ಪನವರು ಪ್ರಿಂಟುಗಳನ್ನು ಸುಟ್ಟಿದ್ದರೇ ಹೊರತು ಈ ಡಬ್ಬಿಯ ನೆನಪೇ ಅವರಿಗಿರಲಿಲ್ಲ.

ಮಧ್ಯಾಹ್ನ ಕಿಟಕಿಗೆ ಕಂಬಳಿ ಏರಿತು. ಮರುಳಸಿದ್ದಮ್ಮ ತಾನೂ ಬಚ್ಚಲೊಳಗೇ ಇರುತ್ತೇನೆಂದು ಮಣೆ ಹಾಕಿಸಿಕೊಂಡು ಕೂತರು. ಇನ್ನೊಂದು ಸಲ ಒಲೆಗೆ ಹಾಕಿದರೆ ಯಾರು ಹೊಣೆ? ಕೆಂಪು ಬೆಳಕಿನಲ್ಲಿ ವಾಮದೇವಪ್ಪನವರು ಬಿಳಿಯ ಕಾಗದವನ್ನು ಔಷಧದ ನೀರಿನಲ್ಲಿ ಅದ್ದಿ, ತಟ್ಟೆಯನ್ನು ಮೆಲ್ಲಗೆ ಅಲ್ಲಾಡಿಸಿದರು. ಮೊದಲು ಬಾಗಿಲ ಕಪ್ಪು ಚೌಕಟ್ಟು ಮೂಡಿತು. ಆಮೇಲೆ ಕರುವಿನ ಒಂದು ಕಣ್ಣು, ಎಷ್ಟು ಗಂಭೀರವಾದ ಕಣ್ಣು! ಅದರ ಬಾಯಿಂದ ಹೊರಟ ರುಮಾಲು ಹಬ್ಬದ ತೋರಣದ ಹಾಗೆ ಫೋಟೋದ ಈ ತುದಿಯಿಂದ ಆ ತುದಿಗೆ ಇಳಿಬಿದ್ದಿತ್ತು. ಅದರ ಇನ್ನೊಂದು ತುದಿಯಲ್ಲಿ ಕೆಂಚವೀರಪ್ಪ, ಒಂದು ಕೈಯಲ್ಲಿ ಮಂಗಳಾರತಿ ತಟ್ಟೆ ಬಿಡಲಾರದೆ, ಇನ್ನೊಂದು ಕೈಯಲ್ಲಿ ತಲೆ ಹಿಡಿದುಕೊಂಡಿದ್ದ. ಎಲ್ಲಕ್ಕಿಂತ ಕೊನೆಗೆ, ನಟ್ಟನಡುವೆ, ಹಲ್ಲಿಲ್ಲದ ಬಾಯನ್ನು ಅಗಲವಾಗಿ ತೆರೆದು, ಕಣ್ಣು ಮುಚ್ಚಿ, ಎರಡೂ ಅಂಗೈಗಳನ್ನು ಮೊಣಕಾಲಿಗೆ ಬಡಿಯುತ್ತಾ ಮರುಳಸಿದ್ದಮ್ಮ ಮೇಲೆದ್ದು ಬಂದರು.

"ಬಂದೆ, ಬಂದೆ," ಎಂದರು ಮಣೆಯ ಮೇಲಿದ್ದ ಮರುಳಸಿದ್ದಮ್ಮ.

ವಾಮದೇವಪ್ಪನವರು ನಕ್ಕರು. ನಗು ನಿಲ್ಲಲಿಲ್ಲ, ತಟ್ಟೆಯ ನೀರು ಪಂಚೆಯ ಮೇಲೆ ತುಳುಕಿತು. ಈ ಫೋಟೋವನ್ನು ಅವರು ಇಷ್ಟು ದಿನ ನೋಡಿಯೇ ಇರಲಿಲ್ಲ. ನೋಡಿದ್ದದ್ದು ತಾವು ತೆಗೆಯಬೇಕೆಂದಿದ್ದ ಇನ್ನೊಂದು ಫೋಟೋವನ್ನು; ಅದು ಇಲ್ಲಿಲ್ಲವೆಂಬ ಸಿಟ್ಟನ್ನು. ಈಗ ಸಿಟ್ಟು ಆರಿತ್ತು. ಉಳಿದದ್ದು ಫೋಟೋ ಮಾತ್ರ.

ಮರುಳಸಿದ್ದಮ್ಮ ಒದ್ದೆ ಫೋಟೋವನ್ನೇ ಬಟ್ಟೆಯಲ್ಲಿ ಸುತ್ತಿಕೊಂಡು ಸಂಜೆಯ ಗಾಡಿಗೆ ಹೋದರು. ವಾಮದೇವಪ್ಪನವರು ಅವರನ್ನು ಹತ್ತಿಸಿ ಬಂದು, ಕುತೂಹಲ ತಡೆಯಲಾರದೆ ತುಂಗಭದ್ರೆಯ ನೆಗೆಟಿವ್ ಹುಡುಕಿ ಅದನ್ನೂ ಪ್ರಿಂಟು ಹಾಕಿದರು. ಬಹಳ ಹೊತ್ತು ನೋಡಿದರು. ತೀರ್ಪುಗಾರರು ಹೇಳಿದ್ದು ಸುಳ್ಳಲ್ಲ, ಅದು ಕ್ಯಾಲೆಂಡರೇ. ಆದರೆ ಸುಡುವಂಥದ್ದೂ ಆಗಿರಲಿಲ್ಲ. ಹರಿಗೋಲಿನಲ್ಲಿ ಹುಲಿಯಪ್ಪ ಬೇಸರದಿಂದ ಬೆನ್ನು ಬಗ್ಗಿಸಿ ಕೂತಿದ್ದ ರೀತಿ ಚೆನ್ನಾಗಿಯೇ ಇತ್ತು. ಅವನ ಹತ್ತಿರ ಹೋಗಿ ತೆಗೆಯಬೇಕಿತ್ತು, ಸೂರ್ಯನನ್ನು ಬಿಟ್ಟು. ತಾವು ಬಿದ್ದ ಕೆಸರು, ಕಾದ ಸಂಜೆಗಳು ಯಾವುವೂ ಅದರಲ್ಲಿ ಕಾಣುತ್ತಿರಲಿಲ್ಲ. ಅವು ಕಾಣುತ್ತವೆ ಎಂದುಕೊಂಡೇ ಊರಿಗೆಲ್ಲ ಹಂಚಿದ್ದರು.

ಇದನ್ನು ಹೆಂಡತಿಗೆ ಹೇಳಿದಾಗ ಸರ್ವಮಂಗಳಮ್ಮ ಆಶ್ಚರ್ಯಪಡಲಿಲ್ಲ. "ಹೆತ್ತೋರಿಗೆ ಹೆಗ್ಗಣ ಮುದ್ದು ಅಂತಾರೆ. ನಿಮಗೆ ಒಂದು ದಿನ ಮುದ್ದು, ಇನ್ನೊಂದು ದಿನ ಹೊಡೆದು ಹಾಕೋವಷ್ಟು ಸಿಟ್ಟು. ಉಪ್ಪಿನಕಾಯಿ ಹಾಕಿದ ದಿನವೇ ಬಾಯಿಗಿಟ್ಟು ಚೆನ್ನಾಗಿಲ್ಲ ಅಂತ ಯಾರಾದ್ರೂ ಚೆಲ್ತಾರೇನ್ರಿ? ಕೊಡ್ರಿ ಇಲ್ಲಿ."

ಅಂದಿನಿಂದ ಹೊಸ ಕಟ್ಟಳೆ ಬಂತು. ಫೋಟೋ ತೊಳೆದು ಒಣಗಿದ ಕೂಡಲೇ, ಒಳ್ಳೆಯದು ಕೆಟ್ಟದ್ದು ಎನ್ನದೆ, ಸರ್ವಮಂಗಳಮ್ಮನ ಟ್ರಂಕಿಗೆ ಹೋಗಬೇಕು. ಬೀಗದ ಕೈ ಅವರ ಸೊಂಟದಲ್ಲಿ. ಯುಗಾದಿಗೆ ಹಾಕಿದ್ದು ದಸರೆಗೆ ಹೊರಗೆ. ದಸರೆಗೆ ಹಾಕಿದ್ದು ಯುಗಾದಿಗೆ.

ಆ ಮೊದಲ ಬೇಸಿಗೆ ವಾಮದೇವಪ್ಪನವರು ಪಟ್ಟ ಪಾಡು ಹೇಳತೀರದು. ಬೆಳೆದ ಗಂಡಸು ಹೆಂಡತಿಯ ಟ್ರಂಕಿನ ಸುತ್ತ ಬೆಕ್ಕಿನಂತೆ ಸುಳಿದಾಡಿದರು. "ಒಂದೇ ಒಂದು. ಆ ಬಳೆಗಾರ್ತಿದು. ಒಂದ್ ಸಲ ನೋಡಿ ಕೊಡ್ತೀನಿ," ಎಂದು ಬೇಡಿದರು. ಸೀರೆಗೆ ನುಸಿ ಹಿಡಿದಿರಬಹುದು, ಬಿಸಿಲಿಗೆ ಹಾಕು ಎಂದು ಸಲಹೆ ಕೊಟ್ಟರು. ಸರ್ವಮಂಗಳಮ್ಮ ಸೀರೆಗಳನ್ನು ಬಿಸಿಲಿಗೆ ಹಾಕಿದರು, ಫೋಟೋಗಳನ್ನು ಹಾಕಲಿಲ್ಲ. ಮಳೆಗಾಲದ ಹೊತ್ತಿಗೆ ಅವರು ಕೇಳುವುದನ್ನು ಬಿಟ್ಟರು. ಶ್ರಾವಣದಲ್ಲಿ ಮರೆತೇಬಿಟ್ಟರು.

ದಸರೆಯಲ್ಲಿ ಟ್ರಂಕು ತೆರೆಯಿತು. ಚಾಪೆಯ ಮೇಲೆ ಗಂಡ ಹೆಂಡತಿ ಎದುರು ಬದುರು ಕೂತರು. ಸರ್ವಮಂಗಳಮ್ಮ ಒಂದೊಂದಾಗಿ ತೆಗೆದು ಕೊಟ್ಟರು.

"ಇದನ್ನ ಯಾರು ತೆಗೆದಿದ್ದು?" ಎಂದರು ವಾಮದೇವಪ್ಪನವರು, ಒಂದು ಫೋಟೋವನ್ನು ಬೆಳಕಿಗೆ ಹಿಡಿದು. "ಬಾಳ ಚಲೋ ಐತಲ್ಲ!"

"ನೀವೇ."

"ಹೌದೇನು?" ಅವರ ಮುಖ ಅರಳಿತು. ಇನ್ನೊಂದನ್ನು ತೆಗೆದುಕೊಂಡರು. "ಅಯ್ಯ, ಇದನ್ನ ಯಾವ ಮಂಗ ತೆಗೀತು? ಕಂಬ ನೋಡು, ಆ ಮನುಷ್ಯನ ತಲೆಯಿಂದ ಹುಟ್ಟಿದಂಗೈತೆ."

"ಅದೂ ನೀವೇ."

ಇಬ್ಬರೂ ನಕ್ಕು ಸಾಕಾದ ಮೇಲೆ ಕೆಲಸ ಸುಗಮವಾಗಿ ನಡೆಯಿತು. ಹೆಚ್ಚಿನವು ಕೆಟ್ಟವೇ ಆಗಿದ್ದವು. ಅದನ್ನು ಅವರು ಸಿಟ್ಟಿಲ್ಲದೆ ಒಪ್ಪಿದರು. ಕೆಲವು ಪರವಾಗಿಲ್ಲ. ಒಳ್ಳೆಯವು ಬೆರಳೆಣಿಕೆಯಷ್ಟು, ಅವೂ, ಬಳೆಗಾರ್ತಿಯದೊಂದನ್ನು ಬಿಟ್ಟರೆ, ಅವರು ತೊಳೆದ ದಿನ ಮೆಚ್ಚಿಕೊಂಡವಲ್ಲ. ಒಂದೆರಡರ ವಿಷಯದಲ್ಲಿ ಏನೂ ತೋಚಲಿಲ್ಲ. ಅವನ್ನು ಮತ್ತೆ ಟ್ರಂಕಿಗೆ ಹಾಕಿದರು.

ಅರವತ್ತಮೂರರಲ್ಲಿ ಊರಿನಲ್ಲಿ ಇನ್ನೊಂದು ಪ್ರದರ್ಶನ ನಡೆದಾಗ ಅವರು ಒಂದೇ ಫೋಟೋ ಕೊಟ್ಟರು. ಬಳೆಗಾರ್ತಿ ಮಾಬೂಬೀ ಒಬ್ಬ ಹುಡುಗಿಯ ಕೈಯನ್ನು ಹಿಂಡಿ ಬಳೆ ಏರಿಸುತ್ತಿದ್ದಾಳೆ. ನೋವಿಗೆ ಹುಡುಗಿಯ ಮುಖ ಕಿವುಚಿಕೊಂಡಿದೆ, ಅದನ್ನು ನೋಡುತ್ತಾ ಮಾಬೂಬೀ ತಾನೂ ಅದೇ ಮುಖ ಮಾಡಿಕೊಂಡಿದ್ದಾಳೆ. ಈ ಸಲದ ತೀರ್ಪುಗಾರರು ಹುಬ್ಬಳ್ಳಿಯವರು. ಹಿಂದಿನ ಗೋಡೆಯ ಪೋಸ್ಟರು ಕಣ್ಣಿಗೆ ಹೊಡೆಯುತ್ತದೆ, ಮುಖಗಳನ್ನು ನಗಿಸಿದ್ದರೆ ಚೆನ್ನಾಗಿರುತ್ತಿತ್ತು ಎಂದು ಹೇಳಿ ಮುಂದೆ ಹೋದರು. ಬಹುಮಾನ ಬರಲಿಲ್ಲ.

ಗುಮಾಸ್ತ ಭರಮಣ್ಣನಿಗೆ ಹೆದರಿಕೆಯಾಯಿತು. ಸಾಹುಕಾರರು ನಾಳೆ ಮತ್ತೆ ಮನೆ ಮನೆ ತಿರುಗಲು ಹೊರಟರೆ ಅಂಗಡಿ ನೋಡಿಕೊಳ್ಳುವವನು ಅವನೇ ತಾನೆ? ಹೊರಗೆ ಬಂದು ಮಂಡಕ್ಕಿ, ಮಿರ್ಚಿ ಕಟ್ಟಿಸಿಕೊಂಡು ಅವರ ಕೈಗೆ ಕೊಡುತ್ತಾ, "ಬಿಡ್ರಿ ಸಾವ್ಕಾರ್ರೆ, ಆ ಮನುಷ್ಯಂಗೆ ಏನ್ ಗೊತ್ತಾಗ್ತೈತೆ," ಎಂದ.

"ಹಂಗನಬ್ಯಾಡ. ಅವರು ಹೇಳಿದ್ರಾಗೆ ಅರ್ಧ ಖರೆ ಐತೆ," ಎಂದರು ವಾಮದೇವಪ್ಪನವರು. "ಪೋಸ್ಟರು ನಂಗೆ ಆಗ ಕಾಣಲಿಲ್ಲ. ಒಂದು ಹೆಜ್ಜೆ ಈ ಕಡೆ ಸರಿದಿದ್ರೆ ತಪ್ಪತಿತ್ತು. ಮುಂದಿನ ಸಲ ನೋಡ್ಕೋಬೇಕು."

"ಇನ್ನರ್ಧ?"

"ಇನ್ನರ್ಧ ನಾನು ಒಪ್ಪಂಗಿಲ್ಲ. ಬಿಗಿ ಬಳೆ ಹಾಕಿಸ್ಕೊಳ್ಳೋರು ನಗ್ತಾರೇನಪ್ಪ? ಆ ಮುಖ ಇದ್ದದ್ದಕ್ಕೇ ಅದು ಚಲೋ ಐತೆ. ನೀನೇ ಹೇಳು, ಮಾಬೂಬೀ ಹುಬ್ಬು ನೋಡು..." ಎಂದು ಅವರು ಪೊಟ್ಟಣವನ್ನು ಭರಮಣ್ಣನ ಕೈಗೆ ಕೊಟ್ಟು, ರಸ್ತೆಯ ನಡುವೆ ನಿಂತು, ಗಾಳಿಯಲ್ಲಿ ಒಂದು ಚೌಕ ಬರೆದು, ಪೋಸ್ಟರು ಎಲ್ಲಿತ್ತು, ಹುಬ್ಬು ಎಲ್ಲಿತ್ತು, ತಾವು ಎಲ್ಲಿ ನಿಲ್ಲಬೇಕಿತ್ತು ಎಂದು ತೋರಿಸಲಾರಂಭಿಸಿದರು.

ಭರಮಣ್ಣ ಹೂಂಗುಟ್ಟುತ್ತಾ ತಿಂದ. ಸಾಹುಕಾರರ ವಿವರಣೆ ಫೋಟೋದ ಹುಡುಗಿಯ ಕೈಯವರೆಗೆ ಬರುವಷ್ಟರಲ್ಲಿ ಪೊಟ್ಟಣದಲ್ಲಿ ಹಸಿಮೆಣಸಿನ ಒಂದು ತೊಟ್ಟು ಉಳಿದಿತ್ತು. ವಾಮದೇವಪ್ಪನವರು ಅದನ್ನು ನೋಡಿ, ಇನ್ನೊಂದು ಪೊಟ್ಟಣ ಕಟ್ಟಲು ಹೇಳಿ, ಮಾತು ಮುಂದುವರಿಸಿದರು.